ಬಾಗಿಲಿನ ಇಬ್ಬರು ಸಿಪಾಯಿಗಳು

ಒಮಾನಿನ ಖುರುಮ್‌ನಲ್ಲಿ ನಾನು ಈಗ ಇರುವ ಫ್ಲ್ಯಾಟಿಗೆ ಒಂದೇ ಕದದ ಬಾಗಿಲು. ಬೀಗದ ಕೈ ಬೇಡ, ಅಂಕೆ ಒತ್ತಿದರೆ ಕುಂಯ್ ಎಂದು ತೆರೆದುಕೊಳ್ಳುತ್ತದೆ. ನನ್ನ ಮಗಳಿಗೆ ಅದರ ಮೇಲೆ ಬಹಳ ಭರವಸೆ. “ಇಟ್ಸ್ ವೆರಿ ಸೇಫ್, ಮಮ್ಮಾ” ಎನ್ನುತ್ತಾಳೆ. ಇರಬಹುದು. ಆದರೆ ಎರಡು ಕದದ ಬಾಗಿಲಿನ ಹಿಂದೆ ಬೆಳೆದ ನನಗೆ ಒಂಟಿ ಕದ ಎಂದರೆ ಅರ್ಧ ಬಾಗಿಲು. ಗರಿಗಳ ಭಾನುವಾರ ಚರ್ಚಿನಿಂದ ತಂದ ಗರಿಯ ಶಿಲುಬೆಯನ್ನು ಅದರ ಮೇಲೆ ಸಿಕ್ಕಿಸುವಾಗ ಪ್ರತಿ ವರ್ಷವೂ ಕೈ ಒಂದು ಗಳಿಗೆ ತಡೆಯುತ್ತದೆ. ಶಿಲುಬೆಯ ಕೆಳಗೆ ಇಬ್ಬರು ಇರಬೇಕಿತ್ತಲ್ಲ, ಅವರನ್ನು ಇಲ್ಲಿ ಎಲ್ಲಿ ನಿಲ್ಲಿಸುವುದು ಎನಿಸುತ್ತದೆ. ಒಬ್ಬನ ಮುಖ ಬಿಳಿ, ಇನ್ನೊಬ್ಬನದು ಕಪ್ಪು. ಇಬ್ಬರಿಗೂ ಎದೆಯವರೆಗೆ ಗಡ್ಡ, ಮೈತುಂಬ ಕವಚ, ಕೈಯಲ್ಲಿ ಆಯುಧ. ಚೀನಾದ ಜನ ಹೊಸ ವರ್ಷಕ್ಕೆ ಬಾಗಿಲಿಗೆ ಅಂಟಿಸುವ ಕಾವಲು ದೇವರುಗಳು. ವಾದಿ ಕಬೀರ್‌ನ ಹಳೇ ಮನೆಯೊಂದರಲ್ಲಿ ಮಂಗಳೂರಿನ ಕ್ಯಾಥೊಲಿಕ್ ಕುಟುಂಬವೊಂದನ್ನು ಅವರು ಒಂದು ವರ್ಷ ಕಾದರು.

ಆ ಮನೆ ಗ್ಯಾರೇಜುಗಳ ಸಾಲಿನ ಹಿಂದೆ ಇತ್ತು. ಕಿಟಕಿ ತೆರೆದರೆ ಪೇಂಟಿನ ವಾಸನೆ, ಮುಚ್ಚಿದರೆ ಬೂತಾಯಿ ಮೀನು ಹುರಿದ ವಾಸನೆ. ಎರಡರಲ್ಲಿ ಯಾವುದು ಬೇಕೋ ನಾವೇ ಆರಿಸಿಕೊಳ್ಳಬೇಕು. ಮನೆಯ ಮಾಲೀಕರು ಅಬು ಹಿಲಾಲ್ ಎಂಬ ವಯಸ್ಸಾದ ಒಮಾನಿ. ಊರಿನಲ್ಲಿದ್ದ ತಂದೆಯ ಮಣ್ಣಿನ ಮನೆ ಕೆಡವಿದಾಗ ಅದರ ದೊಡ್ಡ ಮರದ ಬಾಗಿಲನ್ನು ಬಿಟ್ಟುಬರಲು ಮನಸ್ಸಾಗದೆ ಪಿಕಪ್ಪಿನಲ್ಲಿ ಹೇರಿ ತಂದು ಈ ಸಿಮೆಂಟಿನ ಮನೆಗೆ ಕೂರಿಸಿದ್ದರಂತೆ. ಅವರು ಬಂದಾಗಲೆಲ್ಲ ನಮ್ಮ ಕ್ಷೇಮ ಕೇಳುತ್ತಿದ್ದರು ನಿಜ, ಆದರೆ ಕೈ ಮಾತ್ರ ಬಾಗಿಲಿನ ಮೈ ಸವರುತ್ತಿತ್ತು. ಬಾಗಿಲು ದಾಟಿದರೆ ಇಕ್ಕಟ್ಟಾದ ಪ್ಯಾಸೇಜು. ಎಡಕ್ಕೆ ನಮ್ಮ ಎರಡು ಕೋಣೆ ಮತ್ತು ಅಡುಗೆಮನೆ, ಬಲಕ್ಕೆ ಮಹಡಿಯ ಮೆಟ್ಟಿಲು. ಮಹಡಿಯಲ್ಲಿ ಮೇ ಆಂಟಿ ಎಂಬ ಚೀನೀ ಹೆಂಗಸು ಒಬ್ಬಳೇ ಇದ್ದಳು. ರುವಿಯ ಪರದೆ ಅಂಗಡಿಯಲ್ಲಿ ಹೊಲಿಗೆ ಕೆಲಸ ಅವಳದು. ಗಂಡ ಯಾವುದೋ ಬೆಟ್ಟ ಕೊರೆದು ರಸ್ತೆ ಮಾಡುವ ಕ್ಯಾಂಪಿನಲ್ಲಿ, ಬಂದರೆ ಬಂದ ಇಲ್ಲದಿದ್ದರೆ ಇಲ್ಲ. ನಮ್ಮ ಭಾಗಕ್ಕಾಗಲೀ ಅವಳ ಮೆಟ್ಟಿಲಿಗಾಗಲೀ ಬೇರೆ ಬಾಗಿಲಿರಲಿಲ್ಲ. ನಮಗೆ ಅವಳೇ ಹೊಲಿದುಕೊಟ್ಟ ಒಂದು ಹೂವಿನ ಪರದೆ, ಅಷ್ಟೇ. ಅಬು ಹಿಲಾಲರ ಆ ಎರಡು ಕದಗಳ ಆಚೆ ಲೋಕ, ಈಚೆ ನಾವು.

ನಮ್ಮ ಮನೆಯಲ್ಲಿ ಪ್ರೀತಿ, ಪ್ರಾರ್ಥನೆ, ಅಡುಗೆ ಎಲ್ಲವೂ ಕೊಂಕಣಿಯಲ್ಲಿ. ಜಗಳ ಮಾತ್ರ ಕನ್ನಡದಲ್ಲಿ. ಮಮ್ಮಿ, ಪಪ್ಪಾ ಇಬ್ಬರೂ ಕನ್ನಡ ಶಾಲೆಯಲ್ಲಿ ಕಲಿತವರು. ಜಗಳಕ್ಕೆ ಬೇಕಾದ ಗತ್ತು ಅವರಿಗೆ ಅಲ್ಲಿಯೇ ಸಿಕ್ಕಿತ್ತೋ ಏನೋ. ಜಗಳಗಳೆಲ್ಲ ವಾರದ ಕೊನೆಗೆ, ಎಂದರೆ ಆಗ ಇಲ್ಲಿ ರಜೆಯಿದ್ದ ಗುರುವಾರ ಶುಕ್ರವಾರಕ್ಕೆ, ಕಾದು ನಿಲ್ಲುತ್ತಿದ್ದವು, ಏಕೆಂದರೆ ಪಪ್ಪಾ ಮನೆಯಲ್ಲಿರುತ್ತಿದ್ದದ್ದೇ ಆಗ. ಕಟ್ಟಡದ ಸಾಮಾನು ಮಾರುವ ಕಂಪನಿಯ, ದೂರದ ಇಬ್ರಿ ಊರಿನ ಶಾಖೆಯಲ್ಲಿ ಅವರಿಗೆ ಕೆಲಸ. ಶನಿವಾರ ಬೆಳಕು ಹರಿಯುವ ಮೊದಲೇ ಎದ್ದು, ನನ್ನ ಹಣೆಗೆ ಶಿಲುಬೆಯ ಗುರುತು ಹಾಕಿ, “ಡ್ಯೂಟಿಗೆ ಹೋಗಿ ಬರ್ತೇನೆ” ಎಂದು ಹೊರಟರೆ ಮತ್ತೆ ಮುಖ ಕಾಣುವುದು ಬುಧವಾರ ಸಂಜೆ. ಡ್ಯೂಟಿ ಎಂಬ ಮಾತಿಗೆ ನಮ್ಮಲ್ಲಿ ಎದುರು ಮಾತಿರಲಿಲ್ಲ. ಅದನ್ನು ಹೇಳಿದ ಮೇಲೆ ಯಾರೂ ಯಾರನ್ನೂ ಎಲ್ಲಿಗೆ, ಏಕೆ ಎಂದು ಕೇಳುವಂತಿಲ್ಲ. ಮಮ್ಮಿಗೆ ಹೊರಗೆ ಕೆಲಸವಿರಲಿಲ್ಲವಾದ್ದರಿಂದ ಹಾಗೆ ಹೇಳುವ ಯೋಗ ಅವಳಿಗೆ ಬಂದಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಮೀನು ಹುರಿಯುತ್ತಿದ್ದಾಗ ಹಿಂದೆ ಯಾರೋ ನಿಂತ ಹಾಗಾಗಿ ತಿರುಗಿದಳು. ಅಡುಗೆಮನೆಯ ಹೊಸಿಲಲ್ಲಿ ಗ್ರೀಸು ಮೆತ್ತಿದ ಅಂಗಿಯ ಒಬ್ಬ ಗಂಡಸು. “ಕರೀಂ ಭಾಯ್ ಹೈ?” ಎಂದ. ನಮಗಿಂತ ಮೊದಲು ಆ ಮನೆಯಲ್ಲಿದ್ದವರ ಹೆಸರಿರಬೇಕು. ಮಮ್ಮಿ ಕಿರುಚಿದ್ದಕ್ಕೆ ಅವನೇ ಹೆದರಿ, ಮಾಫ್ ಕರೋ ಮಾಫ್ ಕರೋ ಎನ್ನುತ್ತಾ ಚಪ್ಪಲಿ ಬಿಟ್ಟು ಓಡಿದ. ನಡೆದದ್ದು ಇಷ್ಟೇ. ಬಾಣಲೆಯ ಮೀನು ಸಹ ಕರಟಿರಲಿಲ್ಲ. ಆದರೆ ಅವತ್ತಿನಿಂದ ಮಮ್ಮಿಯ ನಿದ್ದೆ ಹೋಯಿತು. ರಾತ್ರಿ ಮೇ ಆಂಟಿ ಅಂಗಡಿಯಿಂದ ಬಂದು ಮೆಟ್ಟಿಲು ಹತ್ತಿದ ಕೂಡಲೇ ಚಿಲಕ ಹಾಕಿ, ಖಾಲಿ ಗ್ಯಾಸ್ ಸಿಲಿಂಡರನ್ನು ಎಳೆದು ತಂದು ಬಾಗಿಲಿಗೆ ಒತ್ತಿ ನಿಲ್ಲಿಸುತ್ತಿದ್ದಳು. ನೆಲದ ಮೇಲೆ ಅಡುಗೆಮನೆಯಿಂದ ಬಾಗಿಲಿನವರೆಗೆ ಒಂದು ಗೀರು ಬಿದ್ದಿತ್ತು. ಆಮೇಲೆ ಸೋಫಾದಲ್ಲಿ ಕೂತು ಜಪಸರ ಹಿಡಿದರೆ, ನಿದ್ದೆ ಹತ್ತುತ್ತಿದ್ದದ್ದು ನನ್ನನ್ನು ಶಾಲೆಯ ವ್ಯಾನಿಗೆ ಹತ್ತಿಸಿ ಬಂದ ಮೇಲೆ, ಅದೂ ಅರೆಬರೆ. ಕಣ್ಣಿನ ಕೆಳಗೆ ಕಪ್ಪಾಯಿತು. ಸಾರಿಗೆ ಎರಡು ಸಲ ಉಪ್ಪು ಬೀಳತೊಡಗಿತು. ಒಂದು ಗುರುವಾರ ಊಟದ ಹೊತ್ತಿಗೆ ಅವಳು ಕನ್ನಡಕ್ಕೆ ಹೊರಳಿದಳು.

“ಪರೀಕ್ಷೆ ಮುಗಿಯಲಿ. ಏಪ್ರಿಲಿನಲ್ಲಿ ನಾನೂ ಮಗುವೂ ಊರಿಗೆ ಹೋಗ್ತೇವೆ.”

“ರಜೆಗಾ?”

“ರಜೆಗಲ್ಲ. ಅಲ್ಲಿಯೇ ಶಾಲೆಗೆ ಹಾಕುವುದು.”

“ಮತ್ತೆ ನಾನು?”

“ನೀವು ಹೇಗೂ ಇಬ್ರಿಯಲ್ಲಿ ಇರ್ತೀರಲ್ಲ. ನಾವು ಇಲ್ಲಿದ್ದರೆ ಎಂತ, ಅಲ್ಲಿದ್ದರೆ ಎಂತ?”

“ಎಂತ ಅಂದ್ರೆ ಎಂತ ಮಾರಾಯ್ತಿ! ಇಲ್ಲಾದ್ರೆ ವಾರಕ್ಕೊಮ್ಮೆ ನೋಡ್ತೇನೆ, ಅಲ್ಲಾದ್ರೆ ವರ್ಷಕ್ಕೊಮ್ಮೆ.”

“ನಿದ್ದೆಯಿಲ್ಲದೆ ನಾನು ಸತ್ತುಹೋದರೆ ಅದೂ ಇಲ್ಲ.”

ಪಪ್ಪಾ ತಟ್ಟೆಯಲ್ಲೇ ಕೈ ತೊಳೆದರು. ಮರುದಿನ ಕಪಾಟಿನ ಮೇಲಿದ್ದ ದೊಡ್ಡ ಸೂಟ್‌ಕೇಸ್ ಕೆಳಗಿಳಿದು ಮಂಚದ ಪಕ್ಕ ಬಾಯಿ ತೆರೆದು ಕೂತಿತು. ಮಮ್ಮಿ ಅದಕ್ಕೆ ದಿನಕ್ಕೊಂದು ವಸ್ತು ಹಾಕುತ್ತಿದ್ದಳು. ಇವತ್ತು ಬೆಡ್‌ಶೀಟು, ನಾಳೆ ಸ್ಟೀಲಿನ ಡಬ್ಬಿ. ಶಾಲೆಯಿಂದ ಬಂದವಳು ಮೊದಲು ಅದರೊಳಗೆ ಇಣುಕುತ್ತಿದ್ದೆ. ಊರೆಂದರೆ ನನಗೆ ಇಷ್ಟವೇ, ಆದರೆ ಪಪ್ಪಾ ಇಲ್ಲದ ಊರು ನನಗೆ ಬೇಡವಾಗಿತ್ತು. ಸೂಟ್‌ಕೇಸ್ ತುಂಬದಿರಲಿ ಎಂದು ನಾನೂ ಪ್ರಾರ್ಥನೆ ಮಾಡಿದ್ದುಂಟು.

ಮೇ ಆಂಟಿಗೂ ಮಮ್ಮಿಗೂ ಸ್ನೇಹ ಬೆಳೆದದ್ದು ಗಂಜಿಯಿಂದ. ಮಮ್ಮಿ ಜ್ವರದಲ್ಲಿ ಮಲಗಿದ್ದಾಗ ಅವಳು ಒಂದು ಬೋಗುಣಿ ಹಿಡಿದು ಕೆಳಗಿಳಿದಿದ್ದಳು. ಮುಚ್ಚಳ ತೆಗೆದರೆ ಒಳಗೆ ಗಂಜಿ! ಮೇಲೆ ಈರುಳ್ಳಿ ಸೊಪ್ಪು ಮತ್ತು ಎಳ್ಳೆಣ್ಣೆ ಬಿದ್ದಿತ್ತು, ಆದರೂ ಗಂಜಿ ಗಂಜಿಯೇ. ಮಮ್ಮಿ ಎಳ್ಳೆಣ್ಣೆಯನ್ನು ಚಮಚದಲ್ಲಿ ಬದಿಗೆ ಸರಿಸಿ, ಮಿಡಿ ಉಪ್ಪಿನಕಾಯಿ ನಂಜಿಕೊಂಡು ಪೂರ್ತಿ ಕುಡಿದಳು. ಇವಳು ನಮ್ಮವಳೇ ಎಂದು ಆವತ್ತೇ ತೀರ್ಪು ಕೊಟ್ಟಳು. ಅವರಿಬ್ಬರ ಭಾಷೆ ಸ್ವಲ್ಪ ಇಂಗ್ಲಿಷು, ಸ್ವಲ್ಪ ಅಂಗಡಿಯ ಅರಬಿ, ಉಳಿದದ್ದು ಕೈಕಾಲು. ಹಾಗಿರುವಾಗ ಆ ಚಳಿಗಾಲ, ತಮ್ಮ ಹೊಸ ವರ್ಷದ ಮುಂಚಿನ ವಾರ, ಮೇ ಆಂಟಿ ಕೆಂಪು ಕಾಗದದ ಸುರುಳಿಯೊಂದನ್ನು ತಂದು ನಮ್ಮ ಮೇಜಿನ ಮೇಲೆ ಬಿಚ್ಚಿದಳು. ಅವಳ ತಾಯಿ ಊರಿನಿಂದ ಕಳಿಸಿದ್ದು. ಒಳಗೆ ಗಡ್ಡದ ಇಬ್ಬರು ಕಣ್ಣು ಕೆಕ್ಕರಿಸಿಕೊಂಡು ನಿಂತಿದ್ದರು. ಬಾಗಿಲು ಎರಡು ಮನೆಗೂ ಸೇರಿದ್ದಾದ್ದರಿಂದ ಅಂಟಿಸಲು ನಮ್ಮ ಒಪ್ಪಿಗೆ ಬೇಕಿತ್ತು.

ಮಮ್ಮಿಗೆ ಫಜೀತಿ. ಮೇ ಆಂಟಿಗೆ ಇಲ್ಲ ಎನ್ನುವುದು ಕಷ್ಟ, ಬೇರೆಯವರ ದೇವರನ್ನು ಬಾಗಿಲಿಗೆ ಅಂಟಿಸಿಕೊಳ್ಳುವುದು ಇನ್ನೂ ಕಷ್ಟ. ಮಾಲೀಕರು ಒಪ್ಪಲಿಕ್ಕಿಲ್ಲ ಎಂದು ಅಬು ಹಿಲಾಲರ ಮೇಲೆ ಭಾರ ಹಾಕಿ ತಪ್ಪಿಸಿಕೊಳ್ಳಲು ನೋಡಿದಳು. ಮೇ ಆಂಟಿ ಅವರನ್ನೇ ಕರೆತಂದಳು. ಅವರು ಚಿತ್ರಗಳನ್ನು ತಿರುಗಿಸಿ ಮುರುಗಿಸಿ ನೋಡಿ, ಬಾಗಿಲನ್ನು ಸವರಿ, ಒಂದೇ ಪ್ರಶ್ನೆ ಕೇಳಿದರು: ಮೊಳೆ ಹೊಡೆಯುತ್ತೀರಾ? ಇಲ್ಲ, ಮೈದಾ ಅಂಟು ಎಂದಳು ಮೇ ಆಂಟಿ.

“ಮಾಫಿ ಮಿಸ್ಮಾರ್?”

“ಮಾಫಿ ಮಿಸ್ಮಾರ್.”

ಮೊಳೆ ಇಲ್ಲವೆಂದಾದ ಮೇಲೆ ಅವರಿಗೆ ಬೇರೆ ಚಿಂತೆ ಇರಲಿಲ್ಲ. ನಿಮ್ಮ ನಿಮ್ಮ ಹಬ್ಬ, ಆದರೆ ಬಾಗಿಲು ನನ್ನ ತಂದೆಯದು ಎಂದು ಹೇಳಿ ಹೋದರು. ಮಮ್ಮಿಗೆ ಉಳಿದದ್ದು ಒಂದೇ ದಾರಿ. ಇವರು ಯಾರು, ಇವರ ಕೆಲಸವೇನು ಎಂದು ಮೇ ಆಂಟಿಯನ್ನು ಕೂರಿಸಿ ವಿಚಾರಣೆ ಮಾಡಿದಳು.

ಮೇ ಆಂಟಿ ಮಾತಿನಲ್ಲಿ ಹೇಳಲಾರದೆ ಆಡಿಯೇ ತೋರಿಸಿದಳು. ನಮ್ಮ ಇಡ್ಲಿ ಪಾತ್ರೆಯ ಮುಚ್ಚಳ ತಲೆಗಿಟ್ಟುಕೊಂಡು ಅವಳೇ ರಾಜನಾದಳು, ಸೋಫಾದಲ್ಲಿ ಮಲಗಿ ಕಣ್ಣು ಪಿಳಿಪಿಳಿ ಮಾಡಿದಳು. ರಾಜನಿಗೆ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಬಾಗಿಲಲ್ಲಿ ಪ್ರೇತಗಳು ಸದ್ದು ಮಾಡುತ್ತವೆ. ಆಗ ಇಬ್ಬರು ಸೇನಾಪತಿಗಳು, ನಾವಿದ್ದೇವೆ ಎಂದು ಬಾಗಿಲಿನ ಆಚೆಗೊಬ್ಬ ಈಚೆಗೊಬ್ಬ ಬಂದು ನಿಲ್ಲುತ್ತಾರೆ. ನನ್ನ ಕೈಗೆ ಸೌಟು, ಮಮ್ಮಿಯ ಕೈಗೆ ಲಟ್ಟಣಿಗೆ ಕೊಟ್ಟು ಪರದೆಯ ಎರಡು ಬದಿಗೆ ನಿಲ್ಲಿಸಿದಳು. ರಾಜ ಗೊರಕೆ ಹೊಡೆದ. ಕೆಲವು ದಿನ ಕಳೆದ ಮೇಲೆ ರಾಜನಿಗೆ ಕನಿಕರ: ನಾನೇನೋ ಮಲಗುತ್ತೇನೆ, ಇವರು ಯಾವಾಗ ಮಲಗುವುದು? ಚಿತ್ರಗಾರನನ್ನು ಕರೆಸಿ ಇಬ್ಬರ ಚಿತ್ರ ಬರೆಸಿ ಬಾಗಿಲಿಗೆ ಅಂಟಿಸಿ, ಸೇನಾಪತಿಗಳಿಗೆ ಮನೆಗೆ ಹೋಗಲು ಹೇಳಿದ. ಪ್ರೇತಗಳು ಚಿತ್ರಕ್ಕೂ ಹೆದರಿ ಬರಲಿಲ್ಲ.

ಮಮ್ಮಿ ಲಟ್ಟಣಿಗೆ ಹಿಡಿದು ನಿಂತೇ ಇದ್ದಳು. “ನಿದ್ದೆ ಬಂತಾ ಅವನಿಗೆ?” ಎಂದು ಮತ್ತೊಮ್ಮೆ ಕೇಳಿದಳು. ಬಂತು ಎಂದು ಮೇ ಆಂಟಿ ಕೆನ್ನೆಗೆ ಕೈ ಕೊಟ್ಟು ತೋರಿಸಿದಳು.

“ಇವರು ಸೋಲ್ಜರಾ, ಗಾಡಾ?”

“ಫಸ್ಟ್ ಸೋಲ್ಜರ್. ಆಫ್ಟರ್, ಗಾಡ್.”

ಮಮ್ಮಿ ನನ್ನ ಕಡೆ ತಿರುಗಿ, ಫಾದರಿಗೆ ಉತ್ತರ ಕೊಡುವವಳ ಹಾಗೆ ಕೊಂಕಣಿಯಲ್ಲಿ ಹೇಳಿದಳು: ಮೊದಲು ಸಿಪಾಯಿಗಳಲ್ಲವಾ, ಸಾಕು, ನಮಗೆ ಅವರು ಸಿಪಾಯಿಗಳೇ. ಪೂಜೆ ಇಲ್ಲ, ಅಗರಬತ್ತಿ ಇಲ್ಲ. ಶಿಲುಬೆ ಮೇಲೆ, ಅವರು ಕೆಳಗೆ.

ಗುರುವಾರ ಮೇ ಆಂಟಿಗೆ ಅಂಗಡಿಯಲ್ಲಿ ಬಿಡುವಿಲ್ಲದ ಕೆಲಸ. ಮೈದಾ ಕಾಯಿಸಿದ ಅಂಟನ್ನೂ ಸುರುಳಿಯನ್ನೂ ನಮ್ಮ ಬಳಿ ಬಿಟ್ಟು ಹೋದಳು. ಪಪ್ಪಾ ಉತ್ಸಾಹದಿಂದ ಲುಂಗಿ ಎತ್ತಿ ಕಟ್ಟಿದರು. ಸಂಬಳ ಕೇಳದ ವಾಚ್‌ಮನ್‌ಗಳು ಬಂದಿದ್ದಾರೆ, ಇನ್ನಾದರೂ ಮಮ್ಮಿ ಊರಿನ ಸುದ್ದಿ ಬಿಡಬಹುದು ಎಂಬ ಆಸೆ ಅವರದು. ನಾನು ಅಂಟಿನ ಬೋಗುಣಿ ಹಿಡಿದೆ. ಬಿಳಿ ಮುಖದವನನ್ನು ಒಂದು ಕದಕ್ಕೆ, ಕಪ್ಪು ಮುಖದವನನ್ನು ಇನ್ನೊಂದಕ್ಕೆ ಇಟ್ಟು ನೋಡಿದರು, ತಲೆಯಾಡಿಸಿದರು, ಅದಲು ಬದಲು ಮಾಡಿದರು.

“ನೋಡು ಬಾಯೆ, ವಾಚ್‌ಮನ್ ಅಂದ್ರೆ ದಾರಿ ನೋಡ್ಬೇಕು. ಒಬ್ಬ ಮಸೀದಿ ಕಡೆ, ಒಬ್ಬ ಗ್ಯಾರೇಜ್ ಕಡೆ. ಇಬ್ಬರೂ ಮುಖ ಮುಖ ನೋಡ್ಕೊಂಡು ನಿಂತ್ರೆ ಕಳ್ಳ ಬಂದದ್ದು ಯಾರಿಗೆ ಗೊತ್ತಾಗ್ತದೆ?”

ನನಗೂ ಅದು ಸರಿಯೆನಿಸಿತು. ಕದ ಮುಚ್ಚಿದಾಗ ಸೇನಾಪತಿಗಳು ಬೆನ್ನಿಗೆ ಬೆನ್ನು ಕೊಟ್ಟು, ಒಬ್ಬ ಆ ದಿಕ್ಕು ಒಬ್ಬ ಈ ದಿಕ್ಕು ನೋಡುತ್ತಾ ಜಬರ್ದಸ್ತಾಗಿ ನಿಂತರು. ಮಮ್ಮಿ ಬಂದು ನೋಡಿ ಚೆನ್ನಾಗಿದೆ ಎಂದಳು. ಬಹಳ ದಿನಗಳ ಮೇಲೆ ಅವಳ ಮುಖ ಸಡಿಲವಾದದ್ದನ್ನು ಕಂಡೆ.

ಸಂಜೆ ಮೇ ಆಂಟಿ ಬಂದವಳು ಬಾಗಿಲ ಮುಂದೆ ನಿಂತು ಅಯ್ಯಯ್ಯೋ ಎಂಬಂಥದೇನೋ ಅವಳ ಭಾಷೆಯಲ್ಲಿ ಕೂಗಿದಳು. ನಾವೆಲ್ಲ ಹೊರಗೆ ಓಡಿದೆವು. ಅವಳು ನನ್ನನ್ನು ಎಳೆದು ತನ್ನ ಬೆನ್ನಿಗೆ ಬೆನ್ನು ತಾಗಿಸಿ ನಿಲ್ಲಿಸಿಕೊಂಡಳು. ನೀನು ಆ ಕಡೆ ನಡೆ ಎಂದು ನನ್ನನ್ನು ದಬ್ಬಿ, ತಾನು ಈ ಕಡೆ ನಡೆದು ಹೋದಳು. “ಲೈಕ್ ದಿಸ್, ಹೌಸ್ ಖಲಾಸ್.” ಆಮೇಲೆ ಓಡಿ ಬಂದು ನನ್ನ ಎರಡು ಭುಜ ಹಿಡಿದು ಮುಖಕ್ಕೆ ಮುಖ ತಂದಳು. “ಲೈಕ್ ದಿಸ್, ಗುಡ್ ಹೌಸ್.” ಬಾಗಿಲಿನ ಜೋಡಿ ಯಾವಾಗಲೂ ಒಬ್ಬರನ್ನೊಬ್ಬರು ನೋಡುತ್ತಿರಬೇಕಂತೆ. ಬೆನ್ನು ತಿರುಗಿಸಿದರೆ ಆ ಮನೆಯವರು ಒಬ್ಬೊಬ್ಬರು ಒಂದೊಂದು ಕಡೆಯಾಗುತ್ತಾರಂತೆ. ಮಮ್ಮಿಯ ಮುಖ ನೋಡಿದ ಮೇಲೆ ತಾನು ಹೇಳಬಾರದಿತ್ತು ಎಂದು ಮೇ ಆಂಟಿಗೆ ಎನಿಸಿರಬೇಕು. ತೊಂದರೆಯೇನಿಲ್ಲ ಎಂಬಂತೆ “ಮಾಫಿ ಮುಶ್ಕಿಲ್, ಮಾಫಿ ಮುಶ್ಕಿಲ್” ಎಂದು ಅವಸರದಲ್ಲಿ ಸೇರಿಸಿದಳು.

“ಕಾಗದಕ್ಕೂ ಗೊತ್ತಾಗಿದೆ ನಮ್ಮ ಮನೆ ಕಥೆ,” ಎಂದಳು ಮಮ್ಮಿ, ಕನ್ನಡದಲ್ಲಿ.

“ನಾನು ಒಳ್ಳೇದಕ್ಕೆ ಮಾಡಿದ್ದು ಲೀನಾ. ಕಾವಲು ಅಂದ್ರೆ ಹೊರಗೆ ನೋಡುವುದು ಅಂತ...”

“ನಿಮಗೆ ಗೊತ್ತಿರುವುದು ಅದೊಂದೇ. ಹೊರಗೆ ನೋಡುವುದು. ಇಬ್ರಿ ರಸ್ತೆ ನೋಡಿದ್ದು ಸಾಕು. ಈಚೆ ಬದಿಯಲ್ಲಿ ಒಬ್ಬಳು ನಿಂತಿದ್ದಾಳೆ, ಅವಳ ಮುಖ ಒಮ್ಮೆಯಾದರೂ ನೋಡಿದ್ದೀರಾ?”

ಹೇಳಿ ಅತ್ತಳು. ನನ್ನ ಎದುರು ಅವಳು ಅತ್ತದ್ದು ಅದೇ ಮೊದಲು. ಅಲ್ಲಿಯವರೆಗೆ ಮಮ್ಮಿಗೆ ಕಳ್ಳರ ಹೆದರಿಕೆ ಎಂದಷ್ಟೇ ನಾನು ತಿಳಿದಿದ್ದೆ, ಪ್ರಾಯಶಃ ಪಪ್ಪಾ ಕೂಡ. ನಮ್ಮ ಮನೆಯ ಕನ್ನಡ ಜಗಳ ಅಷ್ಟು ಬೇಗ ಮುಗಿದದ್ದು ಬೇರೆ ನೆನಪಿಲ್ಲ.

ಶುಕ್ರವಾರ ಬೆಳಿಗ್ಗೆ ಪೂಜೆ ಮುಗಿಸಿ ಚರ್ಚಿನಿಂದ ಬಂದವರೇ ಪಪ್ಪಾ ಎಲೆಕ್ಟ್ರಿಕ್ ಕೆಟಲನ್ನು ಉದ್ದ ವಯರಿಗೆ ಸಿಕ್ಕಿಸಿ ಬಾಗಿಲ ಬಳಿಗೆ ಒಯ್ದರು. ಗೋಡೆಯ ಕಾಗದ ಕೀಳುವವರು ಹಬೆ ಕೊಡುವುದನ್ನು ಕೆಲಸದಲ್ಲಿ ಕಂಡಿದ್ದರು. ನೀರು ಕುದಿಸುವುದು, ಹಬೆ ಹಿಡಿಯುವುದು, ಬೆಣ್ಣೆ ಸವರುವ ಚಾಕು ತೂರಿಸಿ ಕೂದಲೆಳೆಯಷ್ಟು ಎಬ್ಬಿಸುವುದು, ಮತ್ತೆ ಕುದಿಸುವುದು. ಬೆವರು ಗಡ್ಡದಿಂದ ತೊಟ್ಟಿಕ್ಕುತ್ತಿತ್ತು. ಅಬು ಹಿಲಾಲ್ ನಮಾಜಿಗೆ ಹೋಗುವ ದಾರಿಯಲ್ಲಿ ನಿಂತು, ಮರಕ್ಕೆ ಚಾಕು ತಾಗದ ಹಾಗೆ ನೋಡಿಕೊಂಡು ಹೋದರು. ಮಧ್ಯಾಹ್ನದ ಊಟಕ್ಕೆ ಕರೆದರೂ ಪಪ್ಪಾ ಬರಲಿಲ್ಲ. ಕೊನೆಗೆ ಮಮ್ಮಿಯೇ ಬಂದು ಕಾಗದದ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಬಿಳಿ ಮುಖದವನನ್ನು ಕೂಸನ್ನು ಎತ್ತಿದ ಹಾಗೆ ಎತ್ತಿ ಆ ಕದದಿಂದ ಈ ಕದಕ್ಕೆ ತಂದರು. ಕಪ್ಪು ಮುಖದವನ ಒಂದು ಬೂಟು ಮರದಲ್ಲೇ ಉಳಿಯಿತು; ಅವನು ವರ್ಷವಿಡೀ ಒಂಟಿ ಬೂಟಿನಲ್ಲಿ ಕಾದ. ಕದ ಮುಚ್ಚಿದಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಪಪ್ಪಾ ಬಾಗಿಲು ನೋಡುತ್ತಿರಲಿಲ್ಲ, ಮಮ್ಮಿಯನ್ನು ನೋಡುತ್ತಿದ್ದರು.

“ಕಣ್ಣಿನ ಕೆಳಗೆ ಇಷ್ಟು ಕಪ್ಪಾಗಿದೆಯಲ್ಲ ಲೀನಾ,” ಎಂದರು. ಅದನ್ನು ಕೊಂಕಣಿಯಲ್ಲಿ ಹೇಳಿದರು.

ಆದರೂ ಶನಿವಾರ ಬಂತು, ಡ್ಯೂಟಿಯೂ ಬಂತು. ಕಾಗದದ ಸಿಪಾಯಿಗಳಿಂದ ಮಮ್ಮಿಗೆ ನಿದ್ದೆ ಬಂದುಬಿಟ್ಟಿತೆಂದು ಹೇಳಿದರೆ ಸುಳ್ಳಾದೀತು. ಆ ಸಂಜೆಯೂ ಅವಳು ಸಿಲಿಂಡರಿಗೆ ಕೈ ಹಾಕಿದಳು. ಆಗ ಮೇ ಆಂಟಿ ಬಗಲಲ್ಲಿ ತಲೆದಿಂಬು ಇರುಕಿಕೊಂಡು ಮೆಟ್ಟಿಲಿಳಿದು ಬಂದಳು. ಕಥೆಯಲ್ಲಿ ಮೊದಲು ಬಂದು ನಿಂತದ್ದು ಮನುಷ್ಯರು, ಕಾಗದ ಬಂದದ್ದು ಆಮೇಲೆ ಎಂದು ಅವಳು ಮೂರು ಭಾಷೆ ಬೆರೆಸಿ ವಿವರಿಸಿದಳು. “ಫಸ್ಟ್ ಮೀ. ಆಫ್ಟರ್, ಪೇಪರ್.” ಸೋಫಾದಲ್ಲಿ ಮಮ್ಮಿ, ಎದುರಿನ ದಿವಾನದಲ್ಲಿ ಮೇ ಆಂಟಿ, ನಡುವೆ ನೆಲದಲ್ಲಿ ನಾನು. ರಾಜನ ಪಾತ್ರದಲ್ಲಿ ಅವಳು ಹೊಡೆದ ಗೊರಕೆ ನಟನೆಯಲ್ಲವೆಂದು ಆಗ ಗೊತ್ತಾಯಿತು. ಅದನ್ನು ಕೇಳಿ ಯಾವ ಕಳ್ಳನೂ ಒಳಗೆ ಕಾಲಿಡುವಂತಿರಲಿಲ್ಲ. ಬೆಳಿಗ್ಗೆ ನಾನೇ ಮಮ್ಮಿಯನ್ನು ಅಲುಗಾಡಿಸಿ ಎಬ್ಬಿಸಬೇಕಾಯಿತು, ವ್ಯಾನು ತಪ್ಪಿತು, ಶಾಲೆಗೆ ಚಕ್ಕರ್. ಅಷ್ಟು ಸುಖದ ರಜೆ ನಾನು ಮತ್ತೆ ಕಂಡಿಲ್ಲ.

ಹೀಗೆ ದಿನಗಳು ಹೋದವು. ಪಪ್ಪಾ ಇಬ್ರಿಯಿಂದ ದಿನಾ ಫೋನ್ ಮಾಡತೊಡಗಿದರು. ಹೇಳಲು ಏನೂ ಇಲ್ಲದಿದ್ದರೆ ಏನು ಸಾರು ಎಂದು ಕೇಳುತ್ತಿದ್ದರು, ಮಮ್ಮಿ ಅದಕ್ಕೇ ಉದ್ದುದ್ದ ಉತ್ತರ ಕೊಡುತ್ತಿದ್ದಳು. ಸಿಲಿಂಡರು ಅಡುಗೆಮನೆಯ ಮೂಲೆ ಬಿಟ್ಟು ಏಳುವುದನ್ನು ನಿಲ್ಲಿಸಿತು. ಒಂದು ಸಂಜೆ ಮಮ್ಮಿ ಮೇ ಆಂಟಿಯ ತಲೆದಿಂಬನ್ನು ಒಗೆದ ಹೊಸ ಕವರಿನಲ್ಲಿ ತುಂಬಿಸಿ ಅವಳ ಕೈಗಿಟ್ಟು, ಇನ್ನು ನೀನು ಮೇಲೆ ಹೋಗಿ ಆರಾಮವಾಗಿ ಮಲಗು, ಬಾಗಿಲಲ್ಲಿ ಅವರಿದ್ದಾರಲ್ಲ ಎಂದಳು. ಮೇ ಆಂಟಿ ಸೆಲ್ಯೂಟ್ ಹೊಡೆದು ಹೋದಳು. ಪರೀಕ್ಷೆಗಳು ಮುಗಿದವು. ಏಪ್ರಿಲ್ ಬಂದು ಹೋಯಿತು. ಸೂಟ್‌ಕೇಸಿನಿಂದ ಬೆಡ್‌ಶೀಟುಗಳು ಒಂದೊಂದಾಗಿ ಹೊರಬಂದವು, ಆಮೇಲೆ ಅದೇ ಮತ್ತೆ ಕಪಾಟಿನ ಮೇಲೆ ಹತ್ತಿತು. ಊರಿಗೆ ಹೋಗುವುದಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾನು ಮಾತ್ರ ಮಂಚದ ಪಕ್ಕದ ಖಾಲಿ ಜಾಗದಲ್ಲಿ ಮಲಗಿ ಹೊರಳಾಡಿದೆ.

ಮುಂದಿನ ಚಳಿಗಾಲದಲ್ಲಿ ಮೇ ಆಂಟಿಯ ತಾಯಿ ತೀರಿಕೊಂಡಳು. ಸುದ್ದಿ ಇಲ್ಲಿಗೆ ಮುಟ್ಟುವಾಗ ಅಲ್ಲಿ ಮಣ್ಣು ಮಾಡಿ ಆಗಿತ್ತು. ಅವಳು ಜೋರಾಗಿ ಅಳಲಿಲ್ಲ, ಅಂಗಡಿಗೂ ಹೋದಳು. ಹೊಸ ವರ್ಷ ಹತ್ತಿರ ಬಂದಾಗ ಒಂದು ಬುಧವಾರ ಮಧ್ಯಾಹ್ನ ಒದ್ದೆ ಬಟ್ಟೆ ಹಿಡಿದು ಬಾಗಿಲ ಮುಂದೆ ಕೂತಳು. ಸಾವಾದ ಮನೆಯಲ್ಲಿ ಆ ವರ್ಷ ಕೆಂಪು ಚಿತ್ರ ಅಂಟಿಸುವುದಿಲ್ಲವಂತೆ. ಸಾಲದ್ದಕ್ಕೆ, ಅವನ್ನು ಕಳಿಸಿದ್ದವಳೂ ಇನ್ನು ಇಲ್ಲ. ಬಿಸಿಲಿಗೆ ಮಾಸಿದ್ದ ಸಿಪಾಯಿಗಳನ್ನು ಅವಳು ಮೆಲ್ಲಗೆ ಉಜ್ಜಿ ಉಜ್ಜಿ ತೆಗೆದಳು, ಮಮ್ಮಿ ಪಕ್ಕದಲ್ಲಿ ಬಕೆಟ್ ಹಿಡಿದು ಕೂತಿದ್ದಳು. ಸಂಜೆಯ ಹೊತ್ತಿಗೆ ಅಬು ಹಿಲಾಲರ ಬಾಗಿಲು ಬರಿಯ ಮರವಾಗಿ ನಿಂತಿತ್ತು.

ಪಪ್ಪಾ ಇಬ್ರಿಯಿಂದ ಬಂದು ಪ್ಯಾಸೇಜಿನಲ್ಲಿ ಬೂಟು ಬಿಚ್ಚುತ್ತಿದ್ದರು. ವಾರವಿಡೀ ಕಾದು ಬರುವ ಆ ಸಂಜೆ ನಮ್ಮ ಮನೆಯ ಹಬ್ಬ, ಮೇಜಿನ ಮೇಲೆ ಅಂಜಲ್ ಮೀನಿನ ಸಾರು ಮುಚ್ಚಿಟ್ಟಿತ್ತು. ಅಷ್ಟರಲ್ಲಿ ಮಮ್ಮಿ ಪರದೆ ಸರಿಸಿ ಹೊರಗೆ ಬಂದಳು. ಒಂದು ಕೈಯಲ್ಲಿ ಗಂಜಿಯ ಬೋಗುಣಿ, ಬಗಲಲ್ಲಿ ತನ್ನ ತಲೆದಿಂಬು.

“ಈ ಹೊತ್ತಿಗೆ ಎಲ್ಲಿಗೆ ಲೀನಾ?” ಎಂದರು ಪಪ್ಪಾ.

ಮಮ್ಮಿ ಆಗಲೇ ಮೊದಲ ಮೆಟ್ಟಿಲ ಮೇಲಿದ್ದಳು.

“ಡ್ಯೂಟಿಗೆ,” ಎಂದಳು.